ಋಣ ನಮ್ಮದು, ಹಣ ಯಾರದು?

ಮೊನ್ನೆ ಭಾನುವಾರ ಬೆಳಿಗ್ಗೆ ಹಳೆಯ ಸಹಪಾಠಿಗಳಿಬ್ಬರು ಮಡಿವಾಳದ ನಮ್ಮ ಮನೆಯನ್ನು ಹುಡುಕಿಕೊಂಡು ಬಂದರು. ಕೈಯಲ್ಲಿ ಒಂದು ಮನವಿಪತ್ರ. ನಾವು ಓದಿದ ಸರ್ಕಾರಿ ವಿಶ್ವವಿದ್ಯಾನಿಲಯಕ್ಕೆ ಮುಂದಿನ ಆಯವ್ಯಯದಲ್ಲಿ ಹೆಚ್ಚಿನ ಅನುದಾನ ಕೊಡಿಸಬೇಕೆಂದು ವಿಧಾನ ಪರಿಷತ್ತಿನ ಸದಸ್ಯರೊಬ್ಬರನ್ನು ಕಂಡು ಕೇಳುವುದು ಅವರ ಉದ್ದೇಶ. "ಕನ್ನಡ ನಿನ್ನದಯ್ಯಾ, ಸ್ವಲ್ಪ ತಿದ್ದಿಕೊಡು. ಹಾಗೇ ಒಂದು ರುಜು ಹಾಕು" ಎಂದರು. ತಿದ್ದುವುದಕ್ಕೇನಂತೆ, ಅದು ನನ್ನ ಹೊಟ್ಟೆಪಾಡಿನ ಕೆಲಸ. ಆದರೆ ರುಜು ಹಾಕುವ ಹೊತ್ತಿಗೆ ಕೈ ತಡೆಯಿತು. ಪತ್ರದ ಮೊದಲ ವಾಕ್ಯವೇ ಹೀಗಿತ್ತು: "ನಮ್ಮನ್ನು ರೂಪಿಸಿದ ಸಂಸ್ಥೆಯ ಋಣವನ್ನು ತೀರಿಸುವ ಸಲುವಾಗಿ." ಋಣ ನಮ್ಮದು, ಹಣ ಬೊಕ್ಕಸದ್ದು. ನನ್ನ ಸಾಲವನ್ನು ನೆರೆಮನೆಯವನು ತೀರಿಸಲೆಂದು ಅರ್ಜಿ ಬರೆದುಕೊಳ್ಳುವುದಕ್ಕೆ ಕೃತಜ್ಞತೆಯೆಂದು ಹೆಸರಿಡಬಹುದೆ?

"ಸಂಜೆ ಬನ್ನಿ" ಎಂದು ಅವರನ್ನು ಕಳುಹಿಸಿ ಚೀಲ ಹಿಡಿದು ಮಾರುಕಟ್ಟೆಗೆ ಹೊರಟೆ.

ಮಡಿವಾಳದ ಮಾರುಕಟ್ಟೆಯಲ್ಲಿ ನಾನು ಸೊಪ್ಪು ಕೊಳ್ಳುವ ಹೆಂಗಸಿನ ಮಗಳು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದಾಳೆ. ಕಾಲೇಜು ಶುರುವಾಗಿ ಎರಡು ತಿಂಗಳಾದರೂ ಒಂದು ವಿಷಯಕ್ಕೆ ಪಾಠ ಹೇಳುವವರು ಬಂದಿಲ್ಲವಂತೆ. "ಯಾವಾಗ ಬತ್ತಾರೆ ಮೇಷ್ಟ್ರೇ?" ಎಂದು ನನ್ನನ್ನು ಕೇಳುತ್ತಾಳೆ, ಮೇಷ್ಟರುಗಳೆಲ್ಲ ಒಂದೇ ಮನೆಯವರೆಂದು ಆಕೆಯ ಎಣಿಕೆ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರನ್ನು ನೆಚ್ಚಿಕೊಂಡು ನಡೆಯುತ್ತಿವೆ ಎಂಬುದನ್ನು ಆಕೆಗೆ ಹೇಗೆ ಹೇಳಲಿ? ಅತಿಥಿ ಎಂಬ ಮಾತಿಗೆ ನಮ್ಮಲ್ಲಿ ಎಷ್ಟು ಗೌರವವಿತ್ತು! ಈಗ ಅದು ವರ್ಷ ವರ್ಷವೂ ಬಾಗಿಲು ತಟ್ಟಬೇಕಾದವನ ಹೆಸರಾಗಿದೆ.

ಆಕೆಯೂ ತೆರಿಗೆ ಕೊಡುತ್ತಾಳೆ. ಸೋಪಿನ ಮೇಲೆ, ಮೊಬೈಲಿಗೆ ತುಂಬಿಸುವ ಕರೆನ್ಸಿಯ ಮೇಲೆ ಕೊಡುತ್ತಾಳೆ. ಆಕೆಗೆ ರಸೀದಿ ಸಿಕ್ಕುವುದಿಲ್ಲ, ಅಷ್ಟೆ. ನನ್ನ ಎಂ.ಎ. ಓದಿನ ಖರ್ಚಿನಲ್ಲಿ ನನ್ನ ತಂದೆ ಕಟ್ಟಿದ ಶುಲ್ಕ ಒಂದು ಚೂರು. ಉಳಿದುದನ್ನು ಕೊಟ್ಟವರು ಇಂಥವರು. ಹಾಗಾದರೆ ನಾನು ಋಣಿಯಾಗಿರುವುದು ಕಲ್ಲುಕಟ್ಟಡದ ಆ ಸಂಸ್ಥೆಗೋ, ಈ ಸೊಪ್ಪಿನ ಬುಟ್ಟಿಗೋ?

ಇನ್ನೊಂದು ಸಂಗತಿ ನೆನಪಾಗಿ ಮನಸ್ಸಿಗೆ ಮತ್ತಷ್ಟು ಇರುಸುಮುರುಸಾಯಿತು. ರಾಜ್ಯದ ವಿಧಾನಮಂಡಲಕ್ಕೆ ಆಕೆಗಿರುವುದು ಒಂದೇ ಮತ, ನನಗೆ ಮೂರು. ವಿಧಾನಸಭೆಗೆ ಎಲ್ಲರಂತೆ ಒಂದು. ಪದವಿ ಪಡೆದು ಮೂರು ವರ್ಷ ಕಳೆದವನೆಂದು ಪದವೀಧರ ಕ್ಷೇತ್ರದಲ್ಲಿ ಒಂದು. ಪಾಠ ಹೇಳುವವನೆಂದು ಶಿಕ್ಷಕರ ಕ್ಷೇತ್ರದಲ್ಲಿ ಇನ್ನೊಂದು. ನಮ್ಮ ಪರಿಷತ್ತಿನ 75 ಸ್ಥಾನಗಳಲ್ಲಿ 7 ಪದವೀಧರರಿಗೆ, 7 ಶಿಕ್ಷಕರಿಗೆ ಮೀಸಲು. ಇಂಗ್ಲೆಂಡಿನಲ್ಲಿಯೂ ಒಂದು ಕಾಲಕ್ಕೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮೊದಲಾದ ವಿಶ್ವವಿದ್ಯಾನಿಲಯಗಳ ಪದವೀಧರರು ಕಾಮನ್ಸ್ ಸಭೆಗೆ ತಮ್ಮದೇ ಪ್ರತಿನಿಧಿಗಳನ್ನು ಕಳುಹಿಸುತ್ತಿದ್ದರು. ಒಬ್ಬನಿಗೆ ಒಂದೇ ಮತವೆಂದು 1948ರ ಕಾಯಿದೆ ಆ ಸ್ಥಾನಗಳನ್ನು ತೆಗೆದುಹಾಕಿತು. 1950ರ ಚುನಾವಣೆಯಲ್ಲಿ ಅವು ಇರಲಿಲ್ಲ. ಅದೇ 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ ಪದವೀಧರರಿಗೆ ಹೆಚ್ಚಿನ ಮತವನ್ನು ಕೊಟ್ಟಿತು. ಅಕ್ಷರಸ್ಥರು ವಿರಳವಾಗಿದ್ದ ದೇಶದಲ್ಲಿ ಓದಿದವನು ಓದದವನ ಪರವಾಗಿಯೂ ನಾಲ್ಕು ಮಾತು ಆಡಿಯಾನೆಂಬ ನಂಬಿಕೆಯನ್ನು ಬಿಟ್ಟರೆ ಅದಕ್ಕೆ ಬೇರೆ ಸಮರ್ಥನೆ ನನಗೆ ತೋರುವುದಿಲ್ಲ.

ಆ ನಂಬಿಕೆಯನ್ನು ನಾವು ಉಳಿಸಿಕೊಂಡೆವೆ? 2024ರಲ್ಲಿ ಬೆಂಗಳೂರಿನಲ್ಲಿ ಎರಡೂ ಚುನಾವಣೆಗಳು ಬಂದುವು: ಫೆಬ್ರವರಿಯಲ್ಲಿ ಶಿಕ್ಷಕರ ಕ್ಷೇತ್ರದ ಉಪಚುನಾವಣೆ, ಜೂನಿನಲ್ಲಿ ಪದವೀಧರರದು. ಉಪನ್ಯಾಸಕರ ಕೊಠಡಿಯಲ್ಲಿ ನಾವು ಆಡಿದ್ದು ಪಿಂಚಣಿಯ ಮಾತು, ವರ್ಗಾವಣೆಯ ಮಾತು, ವೇತನಶ್ರೇಣಿಯ ಮಾತು. ತಪ್ಪೆನ್ನಲಾರೆ; ನನಗೂ ಸಂಸಾರವಿದೆ. ಆದರೆ ಪಾಠವಿಲ್ಲದೆ ಕುಳಿತ ಆ ಹುಡುಗಿಯ ಮಾತನ್ನು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹಳೆಯ ವಿದ್ಯಾರ್ಥಿಗಳು ಕೇಳಿದರೆ ಸರ್ಕಾರ ಕಿವಿಗೊಡುವುದಿಲ್ಲವೆಂದಲ್ಲ. ಕೆ. ಆರ್. ವೃತ್ತದ ಎಂಜಿನಿಯರಿಂಗ್ ಕಾಲೇಜನ್ನೇ ನೋಡಿ. ವಿಶ್ವೇಶ್ವರಯ್ಯನವರು 1917ರಲ್ಲಿ ಆರಂಭಿಸಿದ್ದು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಅದರ ಅಂಗವಾಯಿತು. ಕಾಲಕ್ರಮದಲ್ಲಿ ಅದು ಸೊರಗಿದ್ದನ್ನು ಕಂಡು ಅಲ್ಲಿ ಓದಿದವರು ವರ್ಷಗಟ್ಟಲೆ ಮಂತ್ರಿಗಳನ್ನೂ ಅಧಿಕಾರಿಗಳನ್ನೂ ಬೆನ್ನು ಹತ್ತಿದರು. 2021ರ ಕಾಯಿದೆಯೊಂದರ ಮೂಲಕ ಅದು ಸ್ವಾಯತ್ತ ವಿಶ್ವವಿದ್ಯಾನಿಲಯವಾಗಿ 2022ರಿಂದ ಬೇರೆ ನಡೆಯುತ್ತಿದೆ. ಸಂತೋಷದ ವಿಷಯವೇ. ಆದರೆ ಆ ಹಳೆಯ ವಿದ್ಯಾರ್ಥಿಗಳಲ್ಲಿ ದೊಡ್ಡ ದೊಡ್ಡ ಕಂಪನಿಗಳನ್ನು ನಡೆಸುವವರಿದ್ದರು. ಅವರು ಬಾಗಿಲಿಗೆ ಬಂದರೆ ಯಾವ ಮಂತ್ರಿ ಕುರ್ಚಿ ಕೊಡುವುದಿಲ್ಲ?

1991ರಲ್ಲಿ ಸ್ಥಾಪಿತವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕಥೆ ಬೇರೆ. ಕೆಲವು ವರ್ಷಗಳ ಹಿಂದೆ ಅದರ ಅನುದಾನ ಬತ್ತಿ, ಸಂಶೋಧನ ವಿದ್ಯಾರ್ಥಿಗಳು ತಮ್ಮ ವೇತನಕ್ಕಾಗಿ ಧರಣಿ ಕೂರಬೇಕಾಯಿತು. 2024ರಲ್ಲಿ ವಿದ್ಯುತ್ತಿನ ಬಿಲ್ಲಿನ ಬಾಕಿಯೇ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಅಲ್ಲಿ ಓದಿದವರೂ ಸಾಹಿತಿಗಳೂ ಬರೆದರು, ಕೂಗಿದರು. ಆದರೆ ಅವರಲ್ಲಿ ಬಹುಮಂದಿ ನನ್ನಂಥ ಮೇಷ್ಟರುಗಳು, ಇಲ್ಲವೆ ಅತಿಥಿಗಳು. ಅವರ ದನಿ ವಿಧಾನಸೌಧದ ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತದೆ.

ಅದಕ್ಕೂ ಮುಂದಿನ ಮೆಟ್ಟಿಲೊಂದಿದೆ. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯೊಂದು, ಹೊಸದಾಗಿ ತೆರೆದಿದ್ದ ವಿಶ್ವವಿದ್ಯಾನಿಲಯಗಳಲ್ಲಿ ಒಂಬತ್ತನ್ನು ಮುಚ್ಚಬಹುದೆಂಬ ಅಭಿಪ್ರಾಯಕ್ಕೆ ಬಂತು. ಹಣವಿಲ್ಲವೆಂಬುದೇ ಮುಖ್ಯ ಕಾರಣ. ಕೊಡಗು, ಹಾವೇರಿ ಮೊದಲಾದ ಕಡೆ ಪ್ರತಿಭಟನೆಗಳಾದುವು. ಹಣವಿಲ್ಲದೆ ಅವನ್ನು ತೆರೆದದ್ದು ಸರಿಯೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಗಮನಿಸಿ: ಹುಟ್ಟಿ ಎರಡು ವರ್ಷವಾಗಿದ್ದ ಆ ಸಂಸ್ಥೆಗಳಿಗೆ ಹೇಳಿಕೊಳ್ಳುವಷ್ಟು ಹಳೆಯ ವಿದ್ಯಾರ್ಥಿಗಳೇ ಇರಲಿಲ್ಲ. ಓದಿದವರು ತಾವು ಓದಿದ ಕಡೆಗೆ ಮಾತ್ರ ಹಣ ಕೇಳುವುದಾದರೆ ಹಳೆಯದಕ್ಕೆ ಎಂದೆಂದೂ ವಕೀಲರುಂಟು, ಹೊಸದಕ್ಕೆ ಇಲ್ಲ. ಗೆದ್ದವರ ಕಾಲೇಜಿಗೆ ಉಂಟು, ಸೋತವರದಕ್ಕೆ ಇಲ್ಲ.

ಸರ್ಕಾರವನ್ನು ಏಕೆ ಕೇಳಬೇಕು, ನಿಮ್ಮ ಜೇಬಿಗೆ ಕೈ ಹಾಕಿ ಎಂದು ಹೇಳುವವರಿದ್ದಾರೆ. ಹಾಕಬೇಕು, ನಿಜ. ಆದರೆ ದಾನಿಗೆ ಕಟ್ಟಡ ಪ್ರಿಯ. ಅದರ ಮೇಲೆ ಹೆಸರು ಕೆತ್ತಿಸಬಹುದು. ತಿಂಗಳು ತಿಂಗಳು ಸಂಬಳ, ವಿದ್ಯಾರ್ಥಿನಿಲಯದ ಅಕ್ಕಿ, ಶೌಚಾಲಯದ ನೀರು, ಇವುಗಳ ಮೇಲೆ ಯಾವ ಹೆಸರನ್ನು ಕೆತ್ತುವುದು? ನಮ್ಮ ಮಡಿವಾಳದ ಸೋಮೇಶ್ವರ ದೇವಾಲಯದ ಗೋಡೆಯ ಮೇಲೆ ತಮಿಳು ಶಾಸನಗಳಿವೆ. 1247ನೆಯ ಇಸವಿಯ ಒಂದರಲ್ಲಿ ಭೂಮಿ ಬಿಟ್ಟ ವಿಷಯವಿದೆ. ಬರಿಯ ಗೋಪುರ ಕಟ್ಟಿಸಿದರೆ ದೀಪಕ್ಕೆ ಎಣ್ಣೆ ಎಲ್ಲಿಂದ ಎಂದು ಆ ಕಾಲದವರಿಗೆ ಗೊತ್ತಿತ್ತು. ವರ್ಷ ವರ್ಷ ಬೆಳೆ ಕೊಡುವ ನೆಲವನ್ನೇ ಕೊಟ್ಟರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದಾಗಲೂ ಅದರ ಹಿಂದೆ ಇದ್ದದ್ದು ಒಂದು ಸಂಸ್ಥಾನದ ಕಂದಾಯ. ನಿತ್ಯದ ಎಣ್ಣೆಯನ್ನು ಎಲ್ಲರೂ ಕೂಡಿಯೇ ಹೊಯ್ಯಬೇಕು. ಅದಕ್ಕೇ ಸರ್ಕಾರ.

ಋಷಿಋಣವನ್ನು ತೀರಿಸುವುದೆಂದರೆ ಕಲಿತದ್ದನ್ನು ಮುಂದಿನವರಿಗೆ ಮುಟ್ಟಿಸುವುದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಋಷಿಗಳ ಆಶ್ರಮಕ್ಕೆ ಬಣ್ಣ ಬಳಿಸುವುದೆಂದು ಹೇಳಿದ್ದು ನಾನು ಕಾಣೆ. ಆದ್ದರಿಂದ ಬೊಕ್ಕಸವನ್ನು ಕೇಳಬಹುದು. ಆದರೆ ಏನು ಕೇಳುತ್ತೇವೆಯೋ ಅದನ್ನು ಸೊಪ್ಪಿನ ಬುಟ್ಟಿಯ ಮುಂದೆ ನಿಂತು ಗಟ್ಟಿಯಾಗಿ ಓದಲು ನಮಗೆ ನಾಚಿಕೆಯಾಗಬಾರದು. ಮಧ್ಯಾಹ್ನ ಕುಳಿತು ಮನವಿಪತ್ರವನ್ನು ಹಾಗೆ ಓದಿನೋಡಿದೆ. ಋಣದ ವಾಕ್ಯವನ್ನು ಹೊಡೆದುಹಾಕಿದೆ. ಖಾಲಿ ಹುದ್ದೆಗಳನ್ನು ತುಂಬುವುದು ನಾಲ್ಕನೆಯ ಬೇಡಿಕೆಯಾಗಿತ್ತು. ಅದನ್ನು ಮೊದಲಿಗೆ ತಂದು, ನಮ್ಮ ವಿಶ್ವವಿದ್ಯಾನಿಲಯಕ್ಕೆ ಮಾತ್ರವಲ್ಲದೆ ಹೊಸ ವಿಶ್ವವಿದ್ಯಾನಿಲಯಗಳಿಗೂ ಸರ್ಕಾರಿ ಪದವಿ ಕಾಲೇಜುಗಳಿಗೂ ಎಂದು ಸೇರಿಸಿದೆ. ಮೊದಲನೆಯದಾಗಿದ್ದ ಹವಾನಿಯಂತ್ರಿತ ಸಭಾಂಗಣಕ್ಕೆ ಅಡ್ಡಗೆರೆ ಎಳೆದೆ. ಆಮೇಲೆ ರುಜು ಹಾಕಿದೆ.

ಸಂಜೆ ಬಂದ ಗೆಳೆಯರು ಎರಡು ಸಲ ಓದಿದರು. "ಸಭಾಂಗಣ ಹೊಡೆದುಹಾಕಿದೆಯಲ್ಲಯ್ಯಾ! ಅದಕ್ಕಾದರೆ ಅವರು ಒಪ್ಪುತ್ತಿದ್ದರು, ಉದ್ಘಾಟನೆಗೆ ಬರಬಹುದಲ್ಲ" ಎಂದ ಒಬ್ಬ. ಕಳೆದ ಸಲ ಪದವೀಧರ ಕ್ಷೇತ್ರಕ್ಕೆ ಮತ ಹಾಕಿದಿರಾ ಎಂದು ಕೇಳಿದೆ. ಪ್ರತಿ ಚುನಾವಣೆಗೂ ಹೊಸದಾಗಿ ಹೆಸರು ಬರೆಸಬೇಕೆಂಬುದೇ ಒಬ್ಬನಿಗೆ ತಿಳಿದಿರಲಿಲ್ಲ. ಇನ್ನೊಬ್ಬ ಅಂದು ಊರಿನಲ್ಲಿರಲಿಲ್ಲ. ಪತ್ರವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಹೋಗಿದ್ದಾರೆ. ಸಭಾಂಗಣದ ಮಾತು ಇನ್ನೂ ಇತ್ಯರ್ಥವಾಗಿಲ್ಲ.