ಮೂರರಲ್ಲಿ ಐದು

ಮೂರನೆಯ ತರಗತಿಗೆ ಲೆಕ್ಕ ಹೇಳಿಕೊಡುತ್ತಿದ್ದೆ. ನಲವತ್ತಮೂರರಲ್ಲಿ ಹದಿನೈದು ಕಳೆಯಬೇಕು. "ಮೂರರಲ್ಲಿ ಐದು ಹೋಗುವುದಿಲ್ಲ, ಪಕ್ಕದಿಂದ ಹತ್ತು ಕಡ ತರಬೇಕು" ಎಂದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಹೋಗತ್ತೆ ಟೀಚರ್, ಎರಡು ಉದ್ರಿ ಬರೀತಾರೆ" ಎಂದಳು. ಮನೆಗೆ ಸಾಮಾನು ತರಲು ಅಂಗಡಿಗೆ ಹೋಗುತ್ತಿದ್ದವಳು ಅವಳೇ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಸಾಲದ್ದಕ್ಕೆ, ಗಂಟೆ ಹೊಡೆಯುವವರೆಗೆ ಅವಳನ್ನು ನಿಲ್ಲಿಸಿದೆ. ಆಮೇಲೆ ಆ ವರ್ಷವೆಲ್ಲ ಅವಳು ಕೈ ಎತ್ತಲಿಲ್ಲ.

ಇದು ಚುಚ್ಚತೊಡಗಿದ್ದು ಎಷ್ಟೋ ವರ್ಷಗಳ ಮೇಲೆ, ಮಗಳು ಎಂ.ಎಸ್ಸಿ. ಗಣಿತ ಓದುವಾಗ. ನಾನೋ ಬರೀ ಬಿ.ಎ., ಬಿ.ಎಡ್. ಸೊಪ್ಪು ಸೋಸುತ್ತ ಕೂತಿದ್ದೆ. "ಪ್ರತಿ ಸಂಖ್ಯೆಗೂ ಅದಕ್ಕಿಂತ ಚಿಕ್ಕದೊಂದು ಇದೆ. ನಿಜವೋ ಸುಳ್ಳೋ ಹೇಳಮ್ಮ" ಎಂದಳು. ಒಂದಕ್ಕಿಂತ ಚಿಕ್ಕದೆಲ್ಲಿದೆ, ಸುಳ್ಳು ಎಂದೆ. "ಎಣಿಸುವ ಸಂಖ್ಯೆಗಳಲ್ಲಿ ಸುಳ್ಳು. ಋಣಸಂಖ್ಯೆಗಳನ್ನೂ ಸೇರಿಸಿಕೋ, ನಿಜ." ಹಾಗೆಯೇ, ಯಾವುದೇ ಎರಡು ಸಂಖ್ಯೆಗಳ ನಡುವೆ ಇನ್ನೊಂದಿದೆ ಎಂಬುದು ಪೂರ್ಣಾಂಕಗಳಲ್ಲಿ ಸುಳ್ಳು, ಭಿನ್ನರಾಶಿಗಳು ಬಂದರೆ ನಿಜ. ಮಾತು ಅದೇ, ಲೋಕ ಬೇರೆ.

ಕೆಲವು ವಾಕ್ಯಗಳನ್ನು ನಿಯಮಗಳೆಂದು ಇಟ್ಟುಕೊಂಡರೆ, ಅವೆಲ್ಲವೂ ನಿಜವಾಗುವ ಲೋಕವನ್ನು ಆ ನಿಯಮಗಳ 'ಮಾದರಿ' ಎನ್ನುತ್ತಾರಂತೆ. ಒಂದೇ ನಿಯಮಗಳಿಗೆ ಹಲವು ಮಾದರಿಗಳಿರಬಹುದು. ಇದಕ್ಕೆ ಬುನಾದಿ ಹಾಕಿದವರಲ್ಲಿ ಪೋಲೆಂಡಿನ ಆಲ್ಫ್ರೆಡ್ ಟಾರ್ಸ್ಕಿ ಪ್ರಮುಖ. ಅವನ 1933ರ ಬರಹದ ಪ್ರಶ್ನೆಯೇ, ಒಂದು ವಾಕ್ಯ ನಿಜ ಎಂದರೇನು ಎಂಬುದು.

"ಹಾಗಾದರೆ ಅವರವರ ಪಾಲಿಗೆ ಅವರವರದು ನಿಜ ಅನ್ನು" ಎಂದೆ. ಮನೆಜಗಳಗಳಲ್ಲಿ ನಾವು ಹೀಗೇ ಅಲ್ಲವೇ ಜಾರಿಕೊಳ್ಳುವುದು? ಮಗಳು ಒಪ್ಪಲಿಲ್ಲ. ಯಾವ ಲೋಕವೆಂದು ಹೇಳಿದ ಮೇಲೆ ನಿನ್ನಿಷ್ಟ ನನ್ನಿಷ್ಟ ಎಂಬುದಿಲ್ಲ. ನಿಯಮಗಳಿಂದ ಸಾಧಿಸಿ ತೋರಿಸಿದ ಮಾತಂತೂ ಅವುಗಳ ಎಲ್ಲ ಮಾದರಿಗಳಲ್ಲೂ ನಿಜವಾಗಲೇಬೇಕು.

ಹಾಗಾದರೆ ಅಂದು ನಾನು ಸುಳ್ಳು ಹೇಳಿದೆನೆ? ಎಣಿಸುವ ಸಂಖ್ಯೆಗಳಲ್ಲಿ ನನ್ನ ಮಾತು ನಿಜವೇ. ಆದರೆ ಆ ಮಗು ನಿಂತಿದ್ದ ಲೋಕದಲ್ಲಿ ಅವಳದೂ ನಿಜ. ಬ್ರಹ್ಮಗುಪ್ತ 628ರಲ್ಲೇ ಧನ, ಋಣ ಎಂದು ಕರೆದು ನಿಯಮ ಬರೆದ ಲೋಕ ಅದು. ಋಣವೆಂದರೆ ಸಾಲ ತಾನೆ! "ಅದನ್ನು ಮುಂದಿನ ತರಗತಿಯಲ್ಲಿ ಕಲಿಯುತ್ತೀಯಮ್ಮ" ಎಂದಿದ್ದರೆ ಸಾಕಿತ್ತು. ತಿಳಿಯದೆ ಹೇಳಲಿಲ್ಲ ಎನ್ನುವ ಹಾಗೂ ಇಲ್ಲ. ಆ ಅಂಗಡಿಯ ಉದ್ರಿ ಪುಸ್ತಕದಲ್ಲಿ ಆಗ ನನ್ನ ಹೆಸರೂ ಇತ್ತು.