ಅಲ್ಲಿದ್ದಾರೆ, ಇಲ್ಲಿಲ್ಲವಲ್ಲ

ನವೆಂಬರ್ 2 ಬಂತೆಂದರೆ ಮಂಗಳೂರು ಕಡೆಯ ಕಥೊಲಿಕರು ಚರ್ಚಿನ ಸ್ಮಶಾನಕ್ಕೆ ಹೋಗುತ್ತಾರೆ. ಅಂದು ಸಕಲ ಮೃತರ ಸ್ಮರಣೆ. ಮಳೆಗಾಲ ಆಗಷ್ಟೇ ಮುಗಿದಿರುವುದರಿಂದ ಸಮಾಧಿಗಳ ಮೇಲೆ ಪಾಚಿ ದಪ್ಪಗೆ ಕೂತಿರುತ್ತದೆ. ಒಂದು ವರ್ಷ ನನ್ನ ಪಕ್ಕದಲ್ಲಿ ಅಜ್ಜಿಯೊಬ್ಬರು ತೆಂಗಿನ ನಾರಿನಿಂದ ಗಂಡನ ಸಮಾಧಿಯನ್ನು ತಿಕ್ಕುತ್ತಿದ್ದರು. ಹೆಸರಿನ ಅಕ್ಷರಗಳ ಸಂದಿಗೆ ಸೇರಿದ್ದ ಪಾಚಿಯನ್ನು ಉಗುರಿನಿಂದಲೇ ಕೆದಕಿ ತೆಗೆದರು. ಮೇಣದ ಬತ್ತಿ ಹಚ್ಚಿದರು. ಗಾಳಿಗೆ ಆರಿತು, ಮತ್ತೆ ಹಚ್ಚಿದರು. ಅವರ ಕಣ್ಣು ತುಂಬಿದ್ದನ್ನು ಕಂಡ ಮೊಮ್ಮಗಳು, ‘ಅಳಬೇಡಿ ಅಜ್ಜಿ, ಅಜ್ಜ ಸ್ವರ್ಗದಲ್ಲಿದ್ದಾರಲ್ಲ’ ಎಂದಳು. ‘ಅಲ್ಲಿದ್ದಾರೆ ಮಗಾ, ಗೊತ್ತಿದೆ. ಇಲ್ಲಿಲ್ಲವಲ್ಲ’ ಎಂದರು ಅಜ್ಜಿ.

ಸಾವಿನ ಮನೆಯಲ್ಲಿ ನಾವು ಆಡುವ ಮಾತುಗಳಲ್ಲಿ ಹೆಚ್ಚಿನವು ಆ ಮೊಮ್ಮಗಳ ಮಾತಿನಂಥವೇ. ದೇವರು ಕರೆಸಿಕೊಂಡರು, ಎಲ್ಲ ಅವರ ಚಿತ್ತ, ವಿಶ್ವಾಸಿಗಳು ಹೀಗೆ ಅಳಬಾರದು. ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ನೊಂದವರ ಕಿವಿಗೆ ಅದು ಬೇರೆಯಾಗಿ ಕೇಳಿಸುತ್ತದೆ: ನಿನ್ನ ಕಣ್ಣೀರು ನಿನ್ನ ವಿಶ್ವಾಸದ ಕೊರತೆ. ಪೌಲನು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರವನ್ನು ಇದಕ್ಕೆ ಆಧಾರವಾಗಿ ಎತ್ತುವವರಿದ್ದಾರೆ. ಅಲ್ಲಿ ಅವನು ಬೇಡವೆನ್ನುವುದು ನಿರೀಕ್ಷೆಯಿಲ್ಲದವರ ದುಃಖವನ್ನು, ದುಃಖವನ್ನೇ ಅಲ್ಲ.

ನಿರೀಕ್ಷೆ ಎಂಬ ಈ ಪದದ ಮುಂದೆ ಸ್ವಲ್ಪ ನಿಲ್ಲಬೇಕು. ಕನ್ನಡ ಬೈಬಲಿಗೆ ಇದು ತೀರ ಆಪ್ತವಾದ ಪದ. ರೈಲು ನಿಲ್ದಾಣದ ‘ನಿರೀಕ್ಷಣಾ ಕೊಠಡಿ’ಯಲ್ಲಿರುವುದೂ ಇದೇ. ಭರವಸೆಯನ್ನು ಇನ್ನೊಬ್ಬರು ಕೊಡಬಹುದು, ಆಸೆ ತಾನಾಗಿ ಹುಟ್ಟಬಹುದು. ನಿರೀಕ್ಷೆ ಹಾಗಲ್ಲ, ಅದರೊಳಗೆ ನೋಟವಿದೆ, ದಾರಿ ನೋಡುವುದಿದೆ. ದಾರಿ ನೋಡುವವರು ಬರಬೇಕಾದವರು ಇನ್ನೂ ಬಂದಿಲ್ಲವೆಂದು ಬಲ್ಲವರು. ಆದ್ದರಿಂದ ಇಲ್ಲದಿರುವುದರ ನೋವು ನಿರೀಕ್ಷೆಯ ಹೊಟ್ಟೆಯೊಳಗೇ ಇದೆ. ಯಾರನ್ನೂ ಕಾಯದವನಿಗೆ ಖಾಲಿ ದಾರಿ ನೋಯಿಸುವುದಿಲ್ಲ.

ತೀರಿಕೊಂಡ ಗೆಳೆಯ ಲಾಜರನ ಸಮಾಧಿಯ ಹತ್ತಿರ ಯೇಸು ಅತ್ತರೆಂದು ಯೋಹಾನನ ಸುವಾರ್ತೆ ಹೇಳುತ್ತದೆ. ಇನ್ನು ಕೆಲವೇ ಕ್ಷಣಗಳಲ್ಲಿ ಲಾಜರ ಎದ್ದು ಬರುತ್ತಾನೆಂದು ಅವರಿಗೆ ಗೊತ್ತಿತ್ತು. ಆದರೂ ಅತ್ತರು. ಮುಂದೆ ಬರಲಿರುವ ಸಂತೋಷ ಗೊತ್ತಿದ್ದರೆ ಈಗ ಅಳಬೇಕಾಗಿಲ್ಲ ಎಂಬ ತರ್ಕ ಅಲ್ಲಿಯೇ ಬಿದ್ದುಹೋಗುತ್ತದೆ. ಪುನರುತ್ಥಾನವನ್ನು ಅತ್ಯಂತ ಖಚಿತವಾಗಿ ಬಲ್ಲವರ ಕಣ್ಣಲ್ಲೇ ನೀರಿದ್ದಾಗ, ನಮ್ಮ ಅಜ್ಜಿಗೆ ಅಳಬೇಡಿ ಎನ್ನಲು ನಾವು ಯಾರು?

ಕ್ರೈಸ್ತ ಲೇಖಕ ಸಿ.ಎಸ್. ಲೂಯಿಸ್ 1940ರಲ್ಲಿ ನೋವಿನ ಸಮಸ್ಯೆಯ ಬಗ್ಗೆ ಒಂದು ಪುಸ್ತಕ ಬರೆದು, ದೇವರ ಒಳ್ಳೆಯತನಕ್ಕೂ ಲೋಕದ ನೋವಿಗೂ ಅಚ್ಚುಕಟ್ಟಾಗಿ ಹೊಂದಾಣಿಕೆ ತೋರಿಸಿದ್ದರು. 1960ರಲ್ಲಿ ಹೆಂಡತಿ ಜಾಯ್ ಕ್ಯಾನ್ಸರಿನಿಂದ ತೀರಿಕೊಂಡಾಗ ಆ ವಾದಗಳು ಅವರನ್ನು ಹಿಡಿದು ನಿಲ್ಲಿಸಲಿಲ್ಲ. ದೇವರ ಮೇಲಿನ ಸಿಟ್ಟು, ಸಂಶಯ ಎಲ್ಲವನ್ನೂ ನೋಟುಬುಕ್ಕುಗಳಲ್ಲಿ ತೋಡಿಕೊಂಡರು. ಮರುವರ್ಷ ಅದು ಬೇರೊಂದು ಹೆಸರಿನಲ್ಲಿ ಪ್ರಕಟವಾಯಿತು. ಹಾಗೆ ಬೈದಾಡಿದ್ದೂ ಪ್ರಾರ್ಥನೆಯೇ ಎಂದು ನಾನು ನಂಬುತ್ತೇನೆ. ಬೈಬಲಿನ 88ನೇ ಕೀರ್ತನೆಯೂ ಮುಗಿಯುವುದು ಕತ್ತಲೆಯಲ್ಲಿ. ಕೊನೆಗೊಂದು ಬೆಳಕಿನ ಸಾಲು ಸೇರಿಸಬೇಕೆಂದು ಯಾರೂ ಹೊರಡಲಿಲ್ಲ, ಹಾಗೆಯೇ ಉಳಿಸಿಕೊಂಡರು.

ಹಾಗಾದರೆ ನಿರೀಕ್ಷೆ ದಾರಿ ನೋಡುವ ಹೊಸ ಬದುಕು, ಆ ನವೀಕರಣ ಎಲ್ಲಿ? ಹಿಂದಿದ್ದಂತೆ ಆಗುವುದು ನವೀಕರಣವಲ್ಲ. ಎದ್ದು ಬಂದ ಯೇಸುವಿನ ಕೈಗಳಲ್ಲಿ ಮೊಳೆಯ ಗಾಯಗಳು ಹಾಗೆಯೇ ಇದ್ದವು, ತೋಮನಿಗೆ ಅವರು ತೋರಿಸಿದ್ದು ಅವನ್ನೇ. ಹೊಸ ದೇಹ ಹಳೆಯ ಗಾಯವನ್ನು ಅಳಿಸಲಿಲ್ಲ.

ಮತ್ತು ಯೇಸು ಎದ್ದು ಬಂದ ಆ ಭಾನುವಾರದ ಬೆಳಗ್ಗೆ, ಇಬ್ಬರು ಶಿಷ್ಯರು ಓಡಿಬಂದು ಖಾಲಿ ಸಮಾಧಿ ನೋಡಿ ಮನೆಗೆ ಹಿಂದಿರುಗಿದರು. ಮಗ್ದಲದ ಮರಿಯ ಹೋಗಲಿಲ್ಲ. ಅಲ್ಲೇ ಹೊರಗೆ ಅಳುತ್ತ ನಿಂತಳು. ಯೇಸುವಿನ ದರ್ಶನ ಮೊದಲು ಆದದ್ದು ಅವಳಿಗೆ. ಅವಳು ಅವರನ್ನು ತೋಟದವನೆಂದು ತಿಳಿದಳು. ಹೆಸರು ಹಿಡಿದು ಕರೆದಾಗ ಗುರುತು ಸಿಕ್ಕಿತು. ಆಗಲೂ ಹಿಂದಿನ ದಿನಗಳು ಅವಳಿಗೆ ಮರಳಿ ಸಿಗಲಿಲ್ಲ, ನನ್ನನ್ನು ಹಿಡಿದುಕೊಳ್ಳಬೇಡ ಎಂದರು, ಹೋಗಿ ಉಳಿದವರಿಗೆ ತಿಳಿಸು ಎಂದರು. ಅಳು ಇನ್ನೂ ಆರದ ಕಣ್ಣುಗಳಲ್ಲೇ ಅವಳು ಹೊರಟಿರಬೇಕು.