ಹಿಟ್ಟಿನ ಕೋಳಿ, ಜೆಲಟಿನ್ ಕ್ಯಾಪ್ಸೂಲ್

ರಕ್ತಪರೀಕ್ಷೆಯಲ್ಲಿ ಬಿ12 ಕೊರತೆ ಕಂಡರೆ ಜೈನರ ಮನೆಗಳಲ್ಲಿ ಎರಡು ಚಿಂತೆ ಒಟ್ಟಿಗೇ ಶುರುವಾಗುತ್ತವೆ. ಅಂಗಾಲಿನ ಜೋಮು, ಸುಸ್ತು, ಮರೆವನ್ನು ಕಡೆಗಣಿಸಿದರೆ ನರಗಳಿಗೆ ಕಾಯಂ ಪೆಟ್ಟು ಬೀಳಬಹುದು ಎನ್ನುತ್ತಾರೆ ಡಾಕ್ಟರು. ಬರೆದುಕೊಟ್ಟ ಕ್ಯಾಪ್ಸೂಲಿನ ಸಿಪ್ಪೆ ಯಾತರದ್ದು ಎಂದು ಕೇಳುತ್ತಾರೆ ಮನೆಯ ಹಿರಿಯರು.

ಹಿರಿಯರ ಅನುಮಾನ ಸುಳ್ಳಲ್ಲ. ಬಹುಪಾಲು ಕ್ಯಾಪ್ಸೂಲುಗಳ ಸಿಪ್ಪೆ ಜೆಲಟಿನ್‌ನದು. ದನ, ಹಂದಿಗಳ ಮೂಳೆ ಮತ್ತು ಚರ್ಮದಿಂದ ತೆಗೆದದ್ದು. ಸಸ್ಯದ ನಾರಿನಿಂದಾದ ಎಚ್‌ಪಿಎಂಸಿ ಸಿಪ್ಪೆಯೂ ಉಂಟು. ಮಾತ್ರೆಗೆ ಸಿಪ್ಪೆಯ ಗೊಡವೆಯಿಲ್ಲ, ಆದರೆ ಅದರಲ್ಲಿ ಬೆರೆಸುವ ಮೆಗ್ನೀಸಿಯಂ ಸ್ಟಿಯರೇಟ್ ಗಿಡದ ಎಣ್ಣೆಯಿಂದಲೂ ಬರಬಹುದು, ಪ್ರಾಣಿಯ ಕೊಬ್ಬಿನಿಂದಲೂ ಬರಬಹುದು.

ಇನ್ನು ಒಳಗಿನ ವಿಟಮಿನ್? ಬಿ12 ಅನ್ನು ಗಿಡವೂ ತಯಾರಿಸದು, ಪ್ರಾಣಿಯೂ ತಯಾರಿಸದು. ಅದು ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಗಳ ಕೆಲಸ. ಹಸುವಿನ ಹಾಲಿಗೂ ಅದು ಬರುವುದು ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳಿಂದಲೇ. 1956ರಲ್ಲಿ ಡೊರೊಥಿ ಹಾಡ್ಜ್‌ಕಿನ್ ಇದರ ರಚನೆ ಬಿಡಿಸಿಟ್ಟರು, 1970ರ ದಶಕದಲ್ಲಿ ವುಡ್‌ವರ್ಡ್ ಮತ್ತು ಎಷೆನ್‌ಮೋಸರ್ ತಂಡಗಳು ಪ್ರಯೋಗಾಲಯದಲ್ಲೇ ಕಟ್ಟಿ ತೋರಿಸಿದವು. ಆ ದಾರಿ ತೀರಾ ಸುದೀರ್ಘವಾದದ್ದರಿಂದ ಕಾರ್ಖಾನೆಗಳು ಇಂದಿಗೂ ತೊಟ್ಟಿಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸಿಯೇ ಬಿ12 ತೆಗೆಯುತ್ತವೆ.

ಹಾಗಾದರೆ ಆ ಬ್ಯಾಕ್ಟೀರಿಯಾಗಳ ಸಾವು ಯಾರ ಲೆಕ್ಕಕ್ಕೆ?

ಜೈನ ಆಚಾರ್ಯರು ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಬೇಕೆಂದೇ ಕೊಲ್ಲುವ ಸಂಕಲ್ಪಿ ಹಿಂಸೆಯನ್ನು ಶ್ರಾವಕ, ಅಂದರೆ ಗೃಹಸ್ಥ ಜೈನ, ಪೂರ್ತಿ ಬಿಡಬೇಕು. ಅಡುಗೆ, ದುಡಿಮೆ, ಆತ್ಮರಕ್ಷಣೆಯಲ್ಲಿ ಆಗುವುದನ್ನು ಆದಷ್ಟು ತಗ್ಗಿಸಬೇಕು. ತೊಟ್ಟಿಯ ಬ್ಯಾಕ್ಟೀರಿಯಾಗಳ ಸಾವು ಈ ದುಡಿಮೆಯ ಲೆಕ್ಕಕ್ಕೆ ಬರಬಹುದು. ಸಂಕಲ್ಪದ ಭಾರ ಎಷ್ಟೆಂಬುದನ್ನು ಕನ್ನಡಿಗರಿಗೆ ಮನಗಾಣಿಸಿದವನು ಕವಿ ಜನ್ನ. 1209ರ ‘ಯಶೋಧರ ಚರಿತೆ’ಯಲ್ಲಿ ತಾಯಿಯ ಒತ್ತಾಯಕ್ಕೆ ಮಣಿದ ಅರಸ ಚಂಡಮಾರಿಗೆ ಬಲಿ ಕೊಡುವುದು ಹಿಟ್ಟಿನ ಕೋಳಿಯನ್ನು. ಕೋಳಿ ಹಿಟ್ಟಿನದಾದರೂ ಕತ್ತಿ ಎತ್ತಿದ ಮನಸ್ಸಿಗೆ ಅದು ಕೋಳಿಯೇ. ತಾಯಿ, ಮಗ ಇಬ್ಬರೂ ನಾಯಿ, ನವಿಲು ಮೊದಲಾದ ಜನ್ಮಗಳಲ್ಲಿ ತೊಳಲುತ್ತಾರೆ.

ಕ್ಯಾಪ್ಸೂಲಿನಲ್ಲಿ ಇದು ತಲೆಕೆಳಗು. ಪ್ರಾಣಿಯ ಅಂಶ ನಿಜವಾಗಿ ಇದೆ, ನುಂಗುವವರಿಗೆ ಕೊಲ್ಲುವ ಸಂಕಲ್ಪವಿಲ್ಲ. ಅಷ್ಟಕ್ಕೇ ಅವರು ಪಾರಾದರೇ? ಇಲ್ಲ, ಏಕೆಂದರೆ ಜೈನರ ‘ತತ್ವಾರ್ಥಸೂತ್ರ’ದ ಪ್ರಕಾರ ಹಿಂಸೆಯ ಬೇರು ಪ್ರಮಾದದಲ್ಲಿ, ಅಂದರೆ ಎಚ್ಚರಗೇಡಿತನದಲ್ಲಿ, ಇದೆ. ತಿಳಿಯಬಹುದಾದದ್ದನ್ನು ತಿಳಿಯದೆ ಬಿಡುವುದೂ ಪ್ರಮಾದವೇ ಆದರೆ, ಡಬ್ಬಿಯ ಹಿಂಬದಿಯ ಸಣ್ಣಕ್ಷರ ಓದುವುದು ವ್ರತದ ಭಾಗವಾಗುತ್ತದೆ.

ಓದಲು ಹೊರಟರೆ ಕಾನೂನೇ ಅಡ್ಡ ಬರುತ್ತದೆ. ಆಹಾರ ಪೂರಕವೆಂದು ಮಾರುವ ಬಿ12ಗೆ ಸಸ್ಯಾಹಾರ, ಮಾಂಸಾಹಾರದ ಗುರುತು ಕಡ್ಡಾಯ. ಔಷಧವೆಂದು ಮಾರಿದರೆ ಆ ಕಡ್ಡಾಯವಿಲ್ಲ. ಜೀವರಕ್ಷಕವಲ್ಲದ ಔಷಧಗಳಿಗೂ ಗುರುತು ಬೇಕೆಂದಿದ್ದ ದೆಹಲಿ ಹೈಕೋರ್ಟ್ ತೀರ್ಪನ್ನು 2013ರಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಹಸಿರು ಚುಕ್ಕೆ ಇದ್ದರೂ ಶ್ರಾವಕರ ಕೆಲಸ ಮುಗಿಯದು: ಸರ್ಕಾರದ ಲೆಕ್ಕದಲ್ಲಿ ಜೇನುತುಪ್ಪ, ಅರಗು ಮಾಂಸಾಹಾರವಲ್ಲ, ಮದ್ಯ-ಮಾಂಸಗಳ ಜೊತೆ ಮಧುವನ್ನೂ ತ್ಯಜಿಸಿದವರಿಗೆ ಆ ಲೆಕ್ಕ ಸಾಲದು.

ದೊಡ್ಡ ಅಂಕಿಗೆ ಮರುಳಾಗುವುದೂ ಪ್ರಮಾದವೇ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 2ರಿಂದ 2.5 ಮೈಕ್ರೋಗ್ರಾಂ. 1500 ಎಂದು ಬರೆದ ಮಾತ್ರೆ ನುಂಗಿದರೆ ರಕ್ತ ಸೇರುವುದು ಸುಮಾರು ಶೇ 1ರಷ್ಟು, ಉಳಿದದ್ದು ವ್ಯರ್ಥ. ಬಿ12ರ ರೂಪಗಳಲ್ಲಿ ಮೀಥೈಲ್‌ಕೊಬಾಲಮಿನ್‌ಗೆ ಹೋಲಿಸಿದರೆ ಸಯನೊಕೊಬಾಲಮಿನ್ ಬೆಳಕು, ಶಾಖವನ್ನು ಹೆಚ್ಚು ತಾಳುತ್ತದೆ. ಬಿ12 ಇಲ್ಲದೆ ಫೋಲಿಕ್ ಆಮ್ಲವನ್ನಷ್ಟೇ ಹೆಚ್ಚು ತಿಂದರೆ ರಕ್ತಹೀನತೆ ಮರೆಯಾಗಿ, ನರದ ಹಾನಿ ಸದ್ದಿಲ್ಲದೆ ಮುಂದುವರಿಯಬಹುದು.

ಔಷಧದ ಪಟ್ಟಿಯ ಮೇಲೆ ಏನೂ ಇಲ್ಲದಿದ್ದರೆ ಕಂಪನಿಗೇ ಪತ್ರ ಬರೆದು ಸಿಪ್ಪೆಯ ಮೂಲ, ಸ್ಟಿಯರೇಟ್‌ನ ಮೂಲ ಕೇಳಬಹುದು. ಉತ್ತರ ಬರುವ ತನಕ ಚಿಕಿತ್ಸೆ ಮುಂದೂಡಬೇಕಾಗಿಲ್ಲ. ಸಿಪ್ಪೆಯೇ ಇಲ್ಲದ ಬಿ12 ಚುಚ್ಚುಮದ್ದನ್ನು ಡಾಕ್ಟರ ಬಳಿ ಕೇಳಿ ಹಾಕಿಸಿಕೊಳ್ಳಬಹುದು.